ಅರ್ಥಶಾಸ್ತ್ರದ ಜೊತೆ ಇನ್ನೊಂದು ವಿಷಯ ಬೇಕೇ?

ಪಿಯುಸಿ ಫಲಿತಾಂಶ ಬಂದ ಮಾರನೆಯ ದಿನವೇ ಮೊಮ್ಮಗಳು ಕೇಳಿದಳು: “ತಾತ, ಎಕನಾಮಿಕ್ಸ್ ಜೊತೆ ಸ್ಟಾಟಿಸ್ಟಿಕ್ಸೂ ತಗೊಂಡ್ರೆ ಬೇಗ ಕೆಲಸ ಸಿಗುತ್ತಾ?” ಅವಳಜ್ಜಿ ಅಡುಗೆಮನೆಯಿಂದಲೇ, “ಎರಡು ದೋಣಿ ಮೇಲೆ ಕಾಲಿಡೋದು ಯಾಕೆ? ಒಂದನ್ನೇ ನೆಟ್ಟಗೆ ಓದಲಿ” ಅಂದಳು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಇಬ್ಬರಿಗೂ ಉತ್ತರ ಕೊಡಬೇಕಾಯಿತು.

ಹಿರಿಯರಿಗೆ ಇದು ಹೊಸದಲ್ಲ. ನಮ್ಮ ಬಿ.ಎ.ಯಲ್ಲಿ ಮೂರು ಐಚ್ಛಿಕ ವಿಷಯಗಳಿರುತ್ತಿದ್ದವು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದರೆ ಎಚ್‌ಇಪಿ; ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಸೇರಿದರೆ ಇಎಂಎಸ್. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ‘ಡಬಲ್ ಮೇಜರ್’ ಎಂಬ ಮಾತು ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೆಸರು ಹೇಗಾದರೂ ಬದಲಾಗಲಿ, ಪ್ರಶ್ನೆ ಹಾಗೆಯೇ ಉಳಿದಿದೆ.

ಅಮೆರಿಕದಲ್ಲಿ ಡೆಲ್ ರೊಸ್ಸಿ ಮತ್ತು ಹರ್ಷ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು 2008ರಲ್ಲಿ ಇದನ್ನೇ ಲೆಕ್ಕ ಹಾಕಿದರು. ಪದವಿಗೇ ಓದು ನಿಲ್ಲಿಸಿದವರಲ್ಲಿ, ಎರಡು ಮೇಜರ್ ಮಾಡಿದವರ ಗಳಿಕೆ ಒಂದೇ ಮೇಜರ್‌ನವರಿಗಿಂತ ಶೇ. 2.3ರಷ್ಟು ಮಾತ್ರ ಹೆಚ್ಚು. ಆದರೆ ಸಮಾಜ ವಿಜ್ಞಾನ, ಕಲಾ ವಿಷಯಗಳ ಜೊತೆ ಗಣಿತ, ವಿಜ್ಞಾನ ಅಥವಾ ವಾಣಿಜ್ಯ ಸೇರಿಸಿಕೊಂಡವರಿಗೆ ಲಾಭ ಚೆನ್ನಾಗಿತ್ತು. ವಿಜ್ಞಾನ, ಎಂಜಿನಿಯರಿಂಗ್ ಓದುವವರು ಕಲಾ ವಿಷಯ ಸೇರಿಸಿಕೊಂಡರೆ ಸಂಬಳದಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ.

ಮಕ್ಕಳೇ, ಇಲ್ಲೊಂದು ಎಚ್ಚರ ಬೇಕು. ಬೀದಿಯಲ್ಲಿ ಕೊಡೆ ಹಿಡಿದವರು ಹೆಚ್ಚಿದ್ದ ದಿನ ಮಳೆ ಬರುತ್ತದೆ. ಹಾಗೆಂದು ಕೊಡೆಯೇ ಮಳೆ ತಂದಿತು ಅನ್ನಲಾದೀತೇ? ಎರಡು ವಿಷಯ ಆರಿಸಿಕೊಳ್ಳುವವರು ಮೊದಲೇ ಶ್ರಮಜೀವಿಗಳಿರಬಹುದು. ಸಂಬಳ ಹೆಚ್ಚಿದ್ದಕ್ಕೆ ಎರಡನೆಯ ವಿಷಯ ಕಾರಣವೋ ಅವರ ಸ್ವಭಾವ ಕಾರಣವೋ, ಬಿಡಿಸಿ ಹೇಳುವುದು ಸುಲಭವಲ್ಲ.

ನಮ್ಮಲ್ಲಿ ಮಾತ್ರ ಒಂದು ಬಾಗಿಲು ಕಣ್ಣಿಗೇ ಕಾಣುತ್ತದೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕೇ ಬೇಕು. ಅದರ ಜೋಡಿಯಾದ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್‌ಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೂ ಸಾಕು. ಇಎಂಎಸ್ ಓದಿದ ಹುಡುಗಿ ಪದವಿ ಮುಗಿಸಿ ಅರ್ಜಿ ಹಾಕಬಹುದು. ಎಚ್‌ಇಪಿ ಓದಿದವಳಿಗೆ ಆ ದಾರಿ ಇಲ್ಲ. ಎಚ್‌ಇಪಿಯನ್ನು ಹೀಗಳೆಯುತ್ತಿಲ್ಲ. ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವರಿಗೆ, ಕೆಎಎಸ್‌ಗೆ ಕೂರುವವರಿಗೆ ಆ ಮೂರೂ ವಿಷಯ ಚೆನ್ನಾಗಿಯೇ ಒದಗುತ್ತವೆ.

ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರನ್ನು ನೆನೆಯಿರಿ. ಗಣಿತದ ಎಂ.ಎ. ಮುಗಿಸಿ ಕೆಲಸ ಹುಡುಕುತ್ತ ಕಲ್ಕತ್ತೆಗೆ ಹೋದವರು ಅಲ್ಲಿ ಸಂಖ್ಯಾಶಾಸ್ತ್ರದಲ್ಲೂ ಎಂ.ಎ. ಮಾಡಿದರು. ಮುಂದೆ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು. ಅವರ ಸೂತ್ರಗಳನ್ನು ಅರ್ಥಶಾಸ್ತ್ರಜ್ಞರು ಇಂದಿಗೂ ಬಳಸುತ್ತಾರೆ.

ಇನ್ನು ಅಜ್ಜಿಯ ದೋಣಿಯ ಮಾತು. ಅದರಲ್ಲಿ ಹುರುಳಿದೆ. ಗಣಿತ ಕಂಡರೆ ಜ್ವರ ಬರುವ ಮಗುವಿಗೆ ಬಲವಂತವಾಗಿ ಸಂಖ್ಯಾಶಾಸ್ತ್ರ ಕೊಡಿಸಿದರೆ ಅರ್ಥಶಾಸ್ತ್ರದ ಅಂಕವೂ ಕುಸಿದೀತು, ಎಂ.ಎ. ಸೀಟಿಗೆ ಕೇಳುವುದು ಆ ಅಂಕಗಳನ್ನೇ. ಮಗುವಿಗೆ ಲೆಕ್ಕ ಇಷ್ಟವಿದ್ದರೆ ಮಾತ್ರ ಜೋಡಿಸಿ. ಮುಂದೆ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಅರ್ಥಶಾಸ್ತ್ರ ಓದುವ ಆಸೆಯಿದ್ದರಂತೂ ಗಣಿತ ಬಿಡಲೇಬೇಡಿ. ಅಲ್ಲಿನ ಪ್ರವೇಶ ಪರೀಕ್ಷೆಯ ಎರಡು ಪತ್ರಿಕೆಗಳಲ್ಲಿ ಒಂದು ಗಣಿತದ್ದೇ.