ಎಂಜಿನ್ ಹೊತ್ತ ಗ್ಲೈಡರ್: ಅದರ ಬಲ ಮತ್ತು ಅದರ ಮಿತಿ



ಜರ್ಮನಿಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳಲ್ಲಿ ಕೆಲವರಾದರೂ ಗ್ಲೈಡರ್ ಸಂಘವನ್ನು ಸೇರುವ ಆಸೆಯನ್ನು ಮನೆಯಲ್ಲಿ ಹೇಳಿಕೊಳ್ಳುವುದುಂಟು. ಇಲ್ಲಿನ ನಿಯಮದಂತೆ 14ನೆಯ ವಯಸ್ಸಿಗೆ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಒಬ್ಬರೇ ಹಾರಬಹುದು; 16ಕ್ಕೆ ಪರವಾನಗಿ ಪಡೆಯಬಹುದು. ಆಗ ತಂದೆತಾಯಿಯರಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ: ಎಂಜಿನ್ ಇರುವ ಗ್ಲೈಡರ್ ಎಂಜಿನ್ ಇಲ್ಲದುದಕ್ಕಿಂತ ಸುರಕ್ಷಿತವಲ್ಲವೆ? ಈ ಪ್ರಶ್ನೆಯನ್ನು ಇಂದು ವಿವರವಾಗಿ ಪರಿಶೀಲಿಸೋಣ.

ಗ್ಲೈಡರ್ ತನ್ನ ಸುತ್ತಲಿನ ಗಾಳಿಯಲ್ಲಿ ಸದಾ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಆದರೆ ಆ ಜಾರುವಿಕೆ ಅತ್ಯಂತ ನಿಧಾನ. 18 ಮೀಟರ್ ರೆಕ್ಕೆಯಗಲದ ಆಧುನಿಕ ಗ್ಲೈಡರೊಂದು ನಿಶ್ಚಲ ಗಾಳಿಯಲ್ಲಿ 1 ಕಿಲೋಮೀಟರ್ ಎತ್ತರವನ್ನು ಕಳೆದುಕೊಳ್ಳುವಷ್ಟರಲ್ಲಿ ಸುಮಾರು 50 ಕಿಲೋಮೀಟರ್ ಮುಂದೆ ಸಾಗುತ್ತದೆ. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಮೇಲೇಳುವ ಕಡೆ ಸುತ್ತುಹಾಕಿದರೆ ಕಳೆದ ಎತ್ತರ ಮರಳಿ ದೊರೆಯುತ್ತದೆ. ನಮ್ಮೂರಿನ ಹೊಲಗಳ ಮೇಲೆ ರೆಕ್ಕೆ ಬಡಿಯದೆ ಸುತ್ತುವ ಹದ್ದು ಮಾಡುವುದೂ ಇದನ್ನೇ.

ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದವು ಜರ್ಮನಿಯ ವಿಮಾನ ನಿರ್ಮಾಣಕ್ಕೆ ಕಟ್ಟುಪಾಡು ವಿಧಿಸಿದಾಗ, ಉತ್ಸಾಹಿಗಳು ಎಂಜಿನ್‌ರಹಿತ ಹಾರಾಟದ ಕಡೆ ತಿರುಗಿದರು. ರೋನ್ ಪರ್ವತಶ್ರೇಣಿಯ, ಸುಮಾರು 950 ಮೀಟರ್ ಎತ್ತರದ ವಾಸರ್‌ಕುಪ್ಪೆ ಶಿಖರದಲ್ಲಿ 1920ರಲ್ಲಿ ಮೊದಲ ರೋನ್ ಸ್ಪರ್ಧೆ ನಡೆಯಿತು. ಅದರ ಬುಡದ ಪೊಪ್ಪೆನ್‌ಹೌಸನ್‌ನಲ್ಲಿರುವ ಶ್ಲೈಖರ್ ಸಂಸ್ಥೆ ಇಂದಿಗೂ ಗ್ಲೈಡರ್‌ಗಳನ್ನು ತಯಾರಿಸುತ್ತಿದೆ.

ಸಾಮಾನ್ಯ ಗ್ಲೈಡರನ್ನು ಮೇಲಕ್ಕೇರಿಸಲು ನೆಲದ ಮೇಲಿನ ವಿಂಚ್ ಯಂತ್ರವಾಗಲಿ, ಎಳೆದೊಯ್ಯುವ ವಿಮಾನವಾಗಲಿ ಬೇಕು. ಎರಡಕ್ಕೂ ಬೇರೆಯವರ ಸಹಾಯ ಬೇಕು. ಈ ಅವಲಂಬನೆಯನ್ನು ತಪ್ಪಿಸಲು ಹುಟ್ಟಿದುದೇ ತಾನಾಗಿ ಮೇಲೇರುವ ಗ್ಲೈಡರ್. 1981ರಲ್ಲಿ ಮೊದಲು ಹಾರಿದ ಡಿಜಿ-400 ಈ ಬಗೆಯ ಹೆಸರಾಂತ ಮಾದರಿಗಳಲ್ಲೊಂದು. ಇದರಲ್ಲಿ ಪೈಲಟ್ಟನ ಬೆನ್ನ ಹಿಂದಿನ ಗೂಡಿನಿಂದ ಒಂದು ಕಂಬ ಮೇಲೆದ್ದು ನಿಲ್ಲುತ್ತದೆ. ಅದರ ತುದಿಯಲ್ಲಿ ಪ್ರೊಪೆಲ್ಲರ್. ಬೇಕಾದ ಎತ್ತರ ತಲಪಿದ ಮೇಲೆ ಎಂಜಿನ್ ನಿಲ್ಲಿಸಿ, ಪುಟ್ಟ ಕನ್ನಡಿಯಲ್ಲಿ ನೋಡುತ್ತ ಪ್ರೊಪೆಲ್ಲರನ್ನು ನೆಟ್ಟಗೆ ನಿಲ್ಲಿಸಿ, ಎಂಜಿನ್ ತಣಿದ ನಂತರ ಕಂಬವನ್ನು ಒಳಕ್ಕೆ ಮಡಿಸುತ್ತಾರೆ. ಗೂಡಿನ ಬಾಗಿಲು ಮುಚ್ಚಿತೆಂದರೆ ಅದು ಮತ್ತೆ ಅಪ್ಪಟ ಗ್ಲೈಡರ್.

ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಏರುವಾಗಿನದು. ಪ್ರೊಪೆಲ್ಲರ್ ಎತ್ತರದಲ್ಲಿರುವುದರಿಂದ ಅದರ ನೂಕುಬಲ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಪೈಲಟ್ ಅದನ್ನು ಸರಿದೂಗಿಸಿಕೊಂಡೇ ಏರುತ್ತಾನೆ. ಎಂಜಿನ್ ಹಠಾತ್ತಾಗಿ ನಿಂತರೆ ಆ ಒತ್ತು ಮಾಯವಾಗಿ ಮೂತಿ ಮೇಲೇಳುತ್ತದೆ, ವೇಗ ಕುಸಿಯುತ್ತದೆ. ಆ ಕ್ಷಣದಲ್ಲೇ ಕೈಗೋಲನ್ನು ಮುಂದಕ್ಕೆ ಒತ್ತಿ ವೇಗವನ್ನು ಉಳಿಸಿಕೊಳ್ಳಬೇಕು.

ಎರಡನೆಯದು ಇನ್ನೂ ಸೂಕ್ಷ್ಮ. ಸಂಜೆ ಬಿಸಿಗಾಳಿ ಬತ್ತಿತು, ಮನೆ ದೂರವಿದೆ, ಎಂಜಿನ್ ಚಾಲೂ ಮಾಡೋಣ ಎಂದು ಪೈಲಟ್ ಕಂಬವನ್ನು ಹೊರತೆಗೆಯುತ್ತಾನೆ. ಎಂಜಿನ್ ಹತ್ತಲಿಲ್ಲ. ಹೊರಗೆ ನಿಂತ ಕಂಬ ಗಾಳಿಗೆ ದೊಡ್ಡ ತಡೆ. ಜಾರುವ ಸಾಮರ್ಥ್ಯ ಮೂರರಲ್ಲಿ ಒಂದು ಭಾಗಕ್ಕೆ ಇಳಿಯಬಹುದು. ಲೆಕ್ಕ ನೋಡಿ: 400 ಮೀಟರ್ ಎತ್ತರದಲ್ಲಿದ್ದು, ಇಳಿಯುವ ಸುತ್ತಿಗೆಂದು 200 ಮೀಟರ್ ಮೀಸಲಿಟ್ಟರೆ, ಶುದ್ಧ ಗ್ಲೈಡರಿಗೆ ಇನ್ನೂ 10 ಕಿಲೋಮೀಟರ್ ಸಾಗುವ ಶಕ್ತಿಯಿದೆ. ಕಂಬ ಹೊರಗಿದ್ದು ಎಂಜಿನ್ ನಿಂತಿದ್ದರೆ ಅದು ಮೂರು ಕಿಲೋಮೀಟರಿನ ಆಸುಪಾಸು ಮಾತ್ರ. ಕಾಡಿನ ನಡುವೆ ಈ ವ್ಯತ್ಯಾಸವೇ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಆದುದರಿಂದ ಅನುಭವಿಗಳ ನಿಯಮ ಹೀಗಿದೆ: ಮೊದಲು ಇಳಿಯಲು ಯೋಗ್ಯವಾದ ಹೊಲವನ್ನು ಆರಿಸು, ಅದರ ಸಮೀಪ, ಸಾಕಷ್ಟು ಎತ್ತರದಲ್ಲಿ ಇದ್ದುಕೊಂಡು ಎಂಜಿನ್ ಮುಟ್ಟು, ಅದು ಹತ್ತದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುತ್ತ ಕೂರದೆ ಆ ಹೊಲದಲ್ಲಿ ಇಳಿ.

ಜೆಟ್ ಎಂಜಿನ್ ಈ ತೊಡಕನ್ನು ಸ್ವಲ್ಪಮಟ್ಟಿಗೆ ಕಡಿಮೆ ಮಾಡುತ್ತದೆ. ಅದು ಪುಟ್ಟದು, ಹೊರಬಂದರೂ ಗಾಳಿಗೆ ಹೆಚ್ಚು ತಡೆಯೊಡ್ಡದು, ಕಂಪನವೂ ಇಲ್ಲ. ಇಟಲಿಯ ಕಪ್ರೋನಿ ಸಂಸ್ಥೆ 1970ರ ದಶಕದಲ್ಲೇ ಜೆಟ್ ಗ್ಲೈಡರನ್ನು ನಿರ್ಮಿಸಿತ್ತು. ಅಮೆರಿಕದ ಬಾಬ್ ಕಾರ್ಲ್‌ಟನ್ ಅವರು ಜರ್ಮನ್ ಮೂಲದ ಸಾಲ್ಟೊ ಗ್ಲೈಡರಿಗೆ ಜೆಕ್ ದೇಶದ ಟಿಜೆ-100 ಎಂಜಿನ್ ಜೋಡಿಸಿ ವೈಮಾನಿಕ ಪ್ರದರ್ಶನಗಳಲ್ಲಿ ಹಾರಿಸಿದರು. ಆದರೆ ಜೆಟ್ಟಿಗೂ ತನ್ನ ಬೆಲೆಯಿದೆ. ಪ್ರೊಪೆಲ್ಲರ್ ಬಹಳ ಗಾಳಿಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿದರೆ, ಪುಟ್ಟ ಜೆಟ್ ಸ್ವಲ್ಪ ಗಾಳಿಯನ್ನು ಅತಿ ವೇಗವಾಗಿ ಉಗುಳುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಗ್ಲೈಡರಿನ ನಿಧಾನಗತಿಯಲ್ಲಿ ಇಂಧನದ ಬಹುಪಾಲು ವ್ಯರ್ಥವಾಗುತ್ತದೆ, ಸದ್ದೂ ಹೆಚ್ಚು. ಹೀಗಾಗಿ ಅನೇಕ ಗ್ಲೈಡರ್‌ಗಳಲ್ಲಿ ಜೆಟ್ ಇರುವುದು ನೆಲದಿಂದ ಏರಲಿಕ್ಕಲ್ಲ, ಕೇವಲ ಮನೆ ಸೇರಲಿಕ್ಕೆ. ಅದು ಕೂಡ ಹತ್ತದೆ ಹೋಗಬಹುದು. ಹೊಲದ ನಿಯಮ ಅದಕ್ಕೂ ಅನ್ವಯಿಸುತ್ತದೆ.

ಈಗ ತಂದೆತಾಯಿಯರ ಪ್ರಶ್ನೆಗೆ ಬರೋಣ. ಎಂಜಿನ್ ಒಂದು ಸೌಕರ್ಯ; ಅದೇ ರಕ್ಷಣೆಯಲ್ಲ. ಎಂಜಿನ್ ಇಲ್ಲದವನು ಇಳಿಯುವ ಜಾಗವನ್ನು ಮೊದಲೇ ಯೋಚಿಸಿರುತ್ತಾನೆ. ಇರುವವನು ಅದನ್ನು ಮರೆಯುವ ಅಪಾಯವಿದೆ. ಮಕ್ಕಳು ಮೊದಲು ವಿಂಚ್ ಎಳೆಯುವ ಸಂಘದ ಹಳೆಯ ಗ್ಲೈಡರಿನಲ್ಲೇ ಕಲಿಯಲಿ. ಅಲ್ಲಿ ಅವರು ಗಾಳಿಯನ್ನು ಓದಲು, ಎತ್ತರವನ್ನು ಲೆಕ್ಕಹಾಕಲು, ಹತ್ತು ಜನರೊಡನೆ ಕೂಡಿ ದುಡಿಯಲು ಕಲಿಯುತ್ತಾರೆ. ಆ ಶಿಸ್ತು ಕೈಗೂಡಿದ ಮೇಲೆ ಎಂಜಿನ್ ಬರಲಿ. ಮಗ ಅಥವಾ ಮಗಳು ಸಂಘದ ಬಾಗಿಲಿಗೆ ಕರೆದೊಯ್ದ ದಿನ ನಾವು ಶಿಕ್ಷಕರನ್ನು "ಎಂಜಿನ್ ಇದೆಯೆ?" ಎಂದು ಕೇಳುವುದಕ್ಕಿಂತ, "ಎಂಜಿನ್ ಹತ್ತದಿದ್ದರೆ ಏನು ಮಾಡಬೇಕೆಂದು ಹೇಗೆ ಕಲಿಸುತ್ತೀರಿ?" ಎಂದು ಕೇಳುವುದು ಲೇಸು.