ಚಲಚ್ಚಿತ್ರ ವಿತರಣೆಯ ಸೀಮೆಗಳೂ ಕೋಲಾರ ಪ್ರಾಂತವೂ

ಚಲಚ್ಚಿತ್ರದ ವ್ಯಾಪಾರದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಊರುಗಳಿಗೆ ಪ್ರತ್ಯೇಕವಾದ ಗಣನೆಯಿಲ್ಲ. ಬೆಂಗಳೂರಿನ ಗಾಂಧಿನಗರದ ವಿತರಕರ ಲೆಕ್ಕದಲ್ಲಿ ಅವು ‘ಬಿ.ಕೆ.ಟಿ.’ ಎಂಬ ಸಂಕೇತದ ನಡುವಣ ಅಕ್ಷರಕ್ಕೆ ಸೇರಿದವು. ಬೆಂಗಳೂರು, ಕೋಲಾರ, ತುಮಕೂರು ಈ ಮೂರನ್ನೂ ಒಂದೇ ಹಕ್ಕಾಗಿ ಮಾರುವುದೂ ಕೊಳ್ಳುವುದೂ ರೂಢಿಯಾಗಿದೆ. 2007ರಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದರೂ ಈ ಮೂರಕ್ಷರ ಮಾತ್ರ ಬದಲಾಗಲಿಲ್ಲ. ಸರ್ಕಾರದ ಭೂಪಟ ಒಂದು, ವಿತರಕರ ಭೂಪಟ ಮತ್ತೊಂದು.

ಈ ಎರಡನೆಯ ಭೂಪಟವು ಚರಿತ್ರೆಯ ಅಭ್ಯಾಸಿಗಳಿಗೆ ಕುತೂಹಲಕರವಾದುದು. ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದಿತು. ಹಿಂದೀ ಚಿತ್ರಗಳ ವ್ಯಾಪಾರದಲ್ಲಿಯಾದರೋ ಹಳೆಯ ಸಂಸ್ಥಾನದ ಸೀಮೆಗೆ ‘ಮೈಸೂರು’ ಎಂಬ ಹೆಸರೇ ನಿಂತಿತು. ತೆಲುಗು ಚಿತ್ರಗಳ ವಿತರಕರು ತೆಲಂಗಾಣವನ್ನು ‘ನಿಜಾಂ’ ಎಂದೂ ರಾಯಲಸೀಮೆಯನ್ನು ‘ಸೀಡೆಡ್’ ಎಂದೂ ಕರೆಯುತ್ತಾರೆ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲವೇ ಈ ‘ಸೀಡೆಡ್’. ಆ ಒಡಂಬಡಿಕೆಯನ್ನು ಮಾಡಿಕೊಂಡ ಎರಡು ಅಧಿಕಾರಗಳೂ ಅಳಿದುಹೋಗಿವೆ. ಅದರ ಹೆಸರು ಚಿತ್ರಮಂದಿರದ ಲೆಕ್ಕದ ಪುಸ್ತಕದಲ್ಲಿ ಉಳಿದಿದೆ. ಮುಳಬಾಗಿಲೆಂಬುದು ‘ಮೂಡಲ ಬಾಗಿಲು’ ಎಂಬುದರ ರೂಪವೆಂದು ಹೇಳುವುದುಂಟು. ಆ ಬಾಗಿಲನ್ನು ದಾಟಿ ಮೂಡಣಕ್ಕೆ ಹೋದರೆ ಚಿತ್ತೂರು ಸೀಮೆ. ಚಿತ್ರದ ಹಕ್ಕೂ ಅಲ್ಲಿ ಬೇರೊಬ್ಬರ ಕೈಗೆ ಹೋಗುತ್ತದೆ.

ವಿತರಣೆಯ ಕ್ರಮಗಳು ಮುಖ್ಯವಾಗಿ ಮೂರು. ಒಂದು ಸೀಮೆಯ ಹಕ್ಕನ್ನು ಪೂರ್ಣವಾಗಿ ಕೊಳ್ಳುವುದು ಮೊದಲನೆಯದು. ‘ಮಿನಿಮಮ್ ಗ್ಯಾರಂಟಿ’ ಎಂಬ ಕ್ರಮದಲ್ಲಿ ವಿತರಕನು ನಿಶ್ಚಿತವಾದ ಮೊತ್ತವನ್ನು ಮೊದಲೇ ಕೊಟ್ಟು, ಅದಕ್ಕೆ ಮೀರಿದ ಆದಾಯದಲ್ಲಿ ನಿರ್ಮಾಪಕನಿಗೆ ಪಾಲು ಸಲ್ಲಿಸುತ್ತಾನೆ. ಕಮಿಷನ್ನಿನ ಕ್ರಮದಲ್ಲಿ ನಷ್ಟದ ಭಾರವೆಲ್ಲ ನಿರ್ಮಾಪಕನದೇ. ಮೊದಲೆರಡು ಕ್ರಮಗಳಲ್ಲಿ ಮುಂಗಡವು ಚಿತ್ರ ಮುಗಿಯುವ ಮುನ್ನವೇ ಬರುವುದುಂಟು. ಚಿತ್ರ ತಯಾರಾಗುವುದೂ ಎಷ್ಟೋ ವೇಳೆ ಆ ಹಣದಿಂದಲೇ. ಆದಕಾರಣ ಯಾವ ಕಥೆ, ಯಾವ ನಟ ಎಂಬ ನಿರ್ಣಯದಲ್ಲಿ ವಿತರಕನ ಕೈವಾಡವು ಸಾಹಿತ್ಯವಿಮರ್ಶಕರು ಎಣಿಸುವುದಕ್ಕಿಂತ ಹೆಚ್ಚಿನದು.

ದೊಡ್ಡ ಸ್ಟುಡಿಯೋಗಳ ಹುಟ್ಟನ್ನು ನೋಡಿದರೂ ಇದೇ ಸಂಗತಿ ಕಾಣುತ್ತದೆ. ಕಾರ್ಲ್ ಲೆಮ್ಲೆ 1906ರಲ್ಲಿ ಷಿಕಾಗೋ ನಗರದಲ್ಲಿ ಒಂದು ಸಣ್ಣ ಪ್ರದರ್ಶನಮಂದಿರವನ್ನು ತೆರೆದು, ಬಳಿಕ ಚಿತ್ರಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರಕ್ಕಿಳಿದನು. 1908ರಲ್ಲಿ ಎಡಿಸನ್ನನ ಪಕ್ಷದವರು ಪೇಟೆಂಟುಗಳ ಬಲದಿಂದ ಚಿತ್ರಗಳ ಸರಬರಾಜನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಲು, ಬಾಡಿಗೆಗೆ ಚಿತ್ರ ಸಿಕ್ಕದೆಂಬ ಭಯದಿಂದ ಅವನು 1909ರಲ್ಲಿ ತಾನೇ ಚಿತ್ರ ತಯಾರಿಸತೊಡಗಿದನು. 1912ರ ಯೂನಿವರ್ಸಲ್ ಸಂಸ್ಥೆ ಬಂದದ್ದು ಹೀಗೆ. 1915ರಲ್ಲಿ ತನ್ನ ಹೆಸರಿನ ಚಿತ್ರಸಂಸ್ಥೆಯನ್ನು ಕಟ್ಟಿದ ವಿಲಿಯಂ ಫಾಕ್ಸನೂ ಪ್ರದರ್ಶನ, ಬಾಡಿಗೆಗಳಿಂದಲೇ ಮೇಲೆ ಬಂದವನು. ಮದರಾಸಿನಲ್ಲಿ ಎಸ್. ಎಸ್. ವಾಸನ್ನರು ಮೊದಲು ವಿತರಕರಾಗಿದ್ದು, ಅನಂತರ ಜೆಮಿನಿ ಸ್ಟುಡಿಯೋದ ಒಡೆಯರಾದರು.

ಕನ್ನಡಕ್ಕೆ ಅಂಥ ಭಾಗ್ಯವು ಬಹುಕಾಲ ಒದಗಲಿಲ್ಲ. 1934ರ ‘ಸತಿ ಸುಲೋಚನ’ ಕೊಲ್ಹಾಪುರದಲ್ಲಿಯೂ 1954ರ ‘ಬೇಡರ ಕಣ್ಣಪ್ಪ’ ಮದರಾಸಿನಲ್ಲಿಯೂ ತಯಾರಾದವು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಏರ್ಪಟ್ಟ ಮೇಲೂ ಮದರಾಸಿನ ಆಶ್ರಯ ಬೇಗನೆ ತಪ್ಪಲಿಲ್ಲ.

ಕೋಲಾರ ಪ್ರಾಂತದಲ್ಲಿ ಈ ವ್ಯಾಪಾರಕ್ಕೆ ಭಾಷೆಯ ತೊಡಕು ಸೇರಿಕೊಳ್ಳುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು ಮಾಲೂರು ತಾಲ್ಲೂಕಿನಲ್ಲಿ, ಡಿ. ವಿ. ಗುಂಡಪ್ಪನವರು ಮುಳಬಾಗಿಲಿನಲ್ಲಿ. ಕನ್ನಡಕ್ಕೆ ಇಂಥವರನ್ನು ಕೊಟ್ಟ ಈ ನಾಡಿನಲ್ಲಿಯೇ ಅನೇಕರ ಮನೆಮಾತು ತೆಲುಗು. 1960ರ ದಶಕದ ಆರಂಭದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರ ಚಳವಳಿಯಿಂದ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸುವ ಡಬ್ಬಿಂಗ್ ನಿಂತುಹೋಯಿತು. ಅದು ಶಾಸನದಿಂದಾದ ನಿಷೇಧವಲ್ಲ, ಉದ್ಯಮದವರ ಕಟ್ಟುಪಾಡು. ಪರಭಾಷೆಯನ್ನರಿಯದ ಊರುಗಳಲ್ಲಿ ಆ ಕಟ್ಟು ಕನ್ನಡ ಚಿತ್ರಕ್ಕೆ ಬೇಲಿಯಾಗಿದ್ದೀತು. ಶ್ರೀನಿವಾಸಪುರದಂಥ ಊರಿನ ಪ್ರೇಕ್ಷಕನಿಗೆ ತೆಲುಗು ಚಿತ್ರದ ಮೂಲವೇ ತಿಳಿಯುತ್ತಿರಲು, ಡಬ್ಬಿಂಗಿನ ತಡೆಯಿಂದ ಇಲ್ಲಿ ಕನ್ನಡಕ್ಕೆ ರಕ್ಷಣೆ ದೊರೆಯಿತೆನ್ನುವುದು ಕಷ್ಟ. ಬೆಂಗಳೂರಿನಲ್ಲಿ ಕುಳಿತು ಮಾಡಿದ ಆ ವಾದವು ಗಡಿಯ ತಾಲ್ಲೂಕುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗವು ಆ ಕಟ್ಟುಪಾಡು ನ್ಯಾಯಸಮ್ಮತವಲ್ಲವೆಂದು ತೀರ್ಮಾನಿಸಿತು.

ಫಿಲ್ಮಿನ ಕಾಲದಲ್ಲಿ ಪ್ರತಿಗಳು ದುಬಾರಿಯಾಗಿದ್ದುದರಿಂದ ಅವುಗಳ ಸಂಖ್ಯೆ ಮಿತವಾಗಿತ್ತು. ಪಟ್ಟಣದಲ್ಲಿ ಓಡಿ ಗೀರುಬಿದ್ದ ಪ್ರತಿಯೇ ಪೆಟ್ಟಿಗೆಯಲ್ಲಿ ತಾಲ್ಲೂಕಿನ ಊರಿಗೆ, ಅಲ್ಲಿಂದ ಟೂರಿಂಗ್ ಟಾಕೀಸಿನ ಡೇರೆಗೆ ಬರುತ್ತಿತ್ತು. ಉಪಗ್ರಹದ ಮೂಲಕವೂ ಡಿಸ್ಕುಗಳ ಮೂಲಕವೂ ಚಿತ್ರವನ್ನು ಕಳುಹಿಸುವ ಕ್ರಮವು ಬಂದಮೇಲೆ ಈ ಕಾಯುವಿಕೆ ತಪ್ಪಿತು. ಅದರೊಡನೆ ಚಿಕ್ಕ ಊರಿನ ಮಂದಿರಕ್ಕೆ ಇನ್ನೊಂದು ಪೇಚು ಬಂದಿತು: ಎಲ್ಲ ಭಾಷೆಗಳ ದೊಡ್ಡ ಚಿತ್ರಗಳೂ ಒಂದೇ ಶುಕ್ರವಾರ ಅದರ ಬಾಗಿಲಿಗೆ ಬರುತ್ತವೆ, ಬೆಳ್ಳಿತೆರೆಯಾದರೋ ಒಂದೇ.

2018ರ ಡಿಸೆಂಬರ್ 21ರಂದು ‘ಕೆ.ಜಿ.ಎಫ್.’ ಚಿತ್ರವು ಕನ್ನಡವಲ್ಲದೆ ತೆಲುಗು, ತಮಿಳು, ಮಲಯಾಳ, ಹಿಂದೀ ಭಾಷೆಗಳಲ್ಲಿಯೂ ಬಿಡುಗಡೆಯಾಯಿತು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳೇ ಅದರ ಚಿತ್ರೀಕರಣದ ನೆಲ. ತೆಲುಗಿನಲ್ಲಿ ಮಾತಾಡುವ ಕನ್ನಡ ಚಿತ್ರವು ಹೀಗೆ ಮುಳಬಾಗಿಲನ್ನು ದಾಟಿ ‘ಸೀಡೆಡ್’ ಸೀಮೆಯನ್ನು ಹೊಕ್ಕಿತು, ಅದೂ ಡಬ್ಬಿಂಗಿನ ದಾರಿಯಿಂದಲೇ. ಕರ್ನಾಟಕದಲ್ಲಿ ಅದನ್ನು ಹಂಚಿದ ಕೆ.ಆರ್.ಜಿ. ಸಂಸ್ಥೆಯು 2017ರಲ್ಲಿ ವಿತರಣೆಯಿಂದ ಮೊದಲಾದುದು. 2021ರ ‘ರತ್ನನ್ ಪ್ರಪಂಚ’ದೊಡನೆ ಅದೂ ನಿರ್ಮಾಣಕ್ಕೆ ಕೈಹಾಕಿತು.