ಸ್ಥೌಲ್ಯಚಿಕಿತ್ಸೆಯಲ್ಲಿ ಹಸಿವಿನ ಸ್ಥಾನ

೧. ವಿಷಯಪ್ರವೇಶ

ಕನ್ನಡದ ‘ಹಸಿವು’ ಹಳಗನ್ನಡದ ‘ಪಸಿ’ ಎಂಬ ಧಾತುವಿನಿಂದ ಬಂದುದು. ತಮಿಳಿನಲ್ಲಿಯೂ ಇದರ ಸೋದರರೂಪ ಕಾಣಬರುತ್ತದೆ. ಸಂಸ್ಕೃತದಲ್ಲಿ ಈ ಅರ್ಥಕ್ಕೆ ಕ್ಷುತ್, ಅಶನಾಯಾ, ಬುಭುಕ್ಷಾ ಮೊದಲಾದ ಶಬ್ದಗಳುಂಟು. ಅಮರಕೋಶವು ಇವನ್ನು ಪರ್ಯಾಯಗಳಾಗಿ ಎಣಿಸಿದರೂ ವ್ಯುತ್ಪತ್ತಿಯಲ್ಲಿ ಭೇದವಿದೆ. ಬುಭುಕ್ಷಾ ಎಂಬುದು ಭುಜ್ ಧಾತುವಿನ ಸನ್ನಂತರೂಪ. ಉಣ್ಣಬೇಕೆಂಬ ಇಚ್ಛೆಯೆಂದು ಅದರ ಅರ್ಥ. ಕ್ಷುತ್ತಾದರೋ ದೇಹದ ಒಂದು ಅವಸ್ಥೆ. ಇಚ್ಛೆಯನ್ನು ನಿಗ್ರಹಿಸಬಹುದು, ಅವಸ್ಥೆಯನ್ನು ನಿಗ್ರಹಿಸಲಾಗದು, ಅದಕ್ಕೆ ಪರಿಹಾರವನ್ನೇ ಮಾಡಬೇಕು. ಈ ಭೇದವನ್ನು ಮರೆತುದರಿಂದಲೇ ಮಧ್ಯವಯಸ್ಸಿನಲ್ಲಿ ಮೈಭಾರವನ್ನು ಇಳಿಸಹೊರಟವರಲ್ಲಿ ಅನೇಕರು ಎರಡು ತಿಂಗಳು ಉಪವಾಸದಿಂದ ಬಳಲಿ, ಮೂರನೆಯ ತಿಂಗಳಲ್ಲಿ ಕಳೆದುಕೊಂಡ ಭಾರವನ್ನೆಲ್ಲ ಮರಳಿ ಪಡೆಯುತ್ತಾರೆ. ಕುಳಿತು ಓದುವುದೂ ನಿಂತು ಪಾಠ ಹೇಳುವುದೂ ವೃತ್ತಿಯಾಗಿರುವ ಪಂಡಿತವರ್ಗಕ್ಕೆ ಈ ವಿಚಾರವು ದೂರದ್ದಲ್ಲ. ಆದುದರಿಂದ ಸ್ಥೌಲ್ಯಚಿಕಿತ್ಸೆಯಲ್ಲಿ ಹಸಿವಿಗೆ ಯಾವ ಸ್ಥಾನವೆಂಬುದನ್ನು ಆಯುರ್ವೇದಗ್ರಂಥಗಳಿಂದಲೂ ಆಧುನಿಕ ಪೋಷಣಶಾಸ್ತ್ರದಿಂದಲೂ ಇಲ್ಲಿ ವಿಚಾರಿಸಲಾಗಿದೆ. ಉದಾಹರಣೆಗೆ ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ, ಸಿರವಾರಗಳ ಸೀಮೆಯಲ್ಲಿ, ಮಲ್ಲಟದಂತಹ ಊರುಗಳ ಊಟವನ್ನು ಆರಿಸಿಕೊಂಡಿದೆ.

೨. ಗ್ರಂಥಗಳಲ್ಲಿ ತೋರುವ ವಿರೋಧ

ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯದಾದ ಅಷ್ಟೌನಿಂದಿತೀಯಾಧ್ಯಾಯದಲ್ಲಿ ಅತಿಸ್ಥೂಲನ ಎಂಟು ದೋಷಗಳು ಹೇಳಲ್ಪಟ್ಟಿವೆ. ಆಯುಸ್ಸಿನ ಹ್ರಾಸ, ಚಲನೆಯ ಜಡತೆ, ದೌರ್ಬಲ್ಯ ಮೊದಲಾದವುಗಳೊಡನೆ ಅತಿಯಾದ ಹಸಿವೂ ಅತಿಯಾದ ಬಾಯಾರಿಕೆಯೂ ಅಲ್ಲಿ ಸೇರಿವೆ. ಇದಕ್ಕೆ ಆಚಾರ್ಯನು ಕೊಡುವ ಕಾರಣವಿದು: ಮೇದಸ್ಸಿನಿಂದ ಮಾರ್ಗಗಳು ಮುಚ್ಚಿಹೋಗಲು ವಾಯುವು ಕೋಷ್ಠದಲ್ಲಿಯೇ ಸಂಚರಿಸುತ್ತ ಅಗ್ನಿಯನ್ನು ಊದಿ ಉರಿಸುತ್ತದೆ; ಉಂಡುದು ಬೇಗನೆ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ; ಉಂಡುದೆಲ್ಲವೂ ಮೇದಸ್ಸಾಗಿಯೇ ಬೆಳೆದು ಉಳಿದ ಧಾತುಗಳು ಸೊರಗುತ್ತವೆ. ದಪ್ಪಗಿರುವವನು ದುರ್ಬಲನೂ ಆಗಿರುವನೆಂಬುದು ಇದರ ತಾತ್ಪರ್ಯ. ಸ್ಥೌಲ್ಯದ ಕಾರಣಗಳಲ್ಲಿ ಅತಿಭೋಜನ, ವ್ಯಾಯಾಮದ ಅಭಾವ, ಹಗಲುನಿದ್ರೆಗಳೊಡನೆ ಬೀಜಸ್ವಭಾವವೂ ಎಣಿಕೆಯಾಗಿದೆ. ದಪ್ಪಗಿರುವವರೆಲ್ಲರೂ ಹೊಟ್ಟೆಬಾಕರೆಂಬ ಲೋಕಾಪವಾದಕ್ಕೆ ಈ ಒಂದು ಪದವೇ ಉತ್ತರವಾಗಿದೆ.

ಹಾಗಾದರೆ ಹಸಿವನ್ನು ತಡೆಯುವುದೇ ಚಿಕಿತ್ಸೆಯೆಂದು ಪೂರ್ವಪಕ್ಷ. ಆದರೆ ಅದೇ ಸೂತ್ರಸ್ಥಾನದ ೭ನೆಯ ಅಧ್ಯಾಯದಲ್ಲಿ ತಡೆಯಬಾರದ ಹದಿಮೂರು ವೇಗಗಳನ್ನು ಎಣಿಸುವಾಗ ಹಸಿವನ್ನೂ ಸೇರಿಸಿದೆ. ಅದನ್ನು ತಡೆದರೆ ಕೃಶತೆ, ದೌರ್ಬಲ್ಯ, ಮೈನೋವು, ಅರುಚಿ, ತಲೆಸುತ್ತುಗಳುಂಟಾಗುವುವೆಂದು ಅಲ್ಲಿಯ ಮತ. ಒಂದೆಡೆ ಸ್ಥೂಲನ ಹಸಿವು ರೋಗಲಕ್ಷಣ, ಇನ್ನೊಂದೆಡೆ ಹಸಿವನ್ನು ತಡೆಯುವುದು ರೋಗಕಾರಣ, ಇವೆರಡಕ್ಕೂ ಸಮನ್ವಯವೆಂತು?

ಲಂಘನಶಬ್ದದ ಅರ್ಥವನ್ನು ನಿರ್ಣಯಿಸಿದರೆ ಈ ತೊಡಕಿನ ಅರ್ಧಭಾಗ ಬಿಡಿಸಿಹೋಗುತ್ತದೆ. ಲೋಕದಲ್ಲಿ ಲಂಘನವೆಂದರೆ ಉಪವಾಸವೆಂದೇ ರೂಢಿ. ಆದರೆ ಚರಕನು ೨೨ನೆಯ ಅಧ್ಯಾಯದಲ್ಲಿ ಹೇಳುವ ಲಂಘನದ ಹತ್ತು ಪ್ರಕಾರಗಳಲ್ಲಿ ಉಪವಾಸವು ಒಂದು ಮಾತ್ರ. ವ್ಯಾಯಾಮ, ಪಾಚನ, ಬಿಸಿಲು, ಗಾಳಿ ಮುಂತಾದವೂ ಲಂಘನವೇ. ವಾಗ್ಭಟನಂತೂ ಅಷ್ಟಾಂಗಹೃದಯದ ಸೂತ್ರಸ್ಥಾನದ ೧೪ನೆಯ ಅಧ್ಯಾಯದಲ್ಲಿ, ಬೃಂಹಣವಾಗಲಿ ಲಂಘನವಾಗಲಿ ಸ್ಥೂಲನಿಗೆ ಸಾಲದೆಂದು ಸ್ಪಷ್ಟವಾಗಿ ಅಭಿಪ್ರಾಯಪಟ್ಟಿದ್ದಾನೆ. ಬೃಂಹಣದಿಂದ ಮೇದಸ್ಸು ಬೆಳೆಯುತ್ತದೆ. ಬರಿಯ ಲಂಘನದಿಂದ ಅಗ್ನಿಯೂ ವಾಯುವೂ ಕೆರಳುತ್ತವೆ.

೩. ಗುರುವೂ ಅಪತರ್ಪಣವೂ

ಇದಕ್ಕೆ ಚರಕನ ಸಮಾಧಾನ ಎರಡು ಪದಗಳಲ್ಲಿ ಅಡಗಿದೆ. ಸ್ಥೂಲನಿಗೆ ಕೊಡತಕ್ಕ ಆಹಾರವು ಗುರುವೂ ಆಗಿರಬೇಕು, ಅಪತರ್ಪಣವೂ ಆಗಿರಬೇಕು. ಗುರುವೆಂದರೆ ನಿಧಾನವಾಗಿ ಜೀರ್ಣವಾಗತಕ್ಕದ್ದು; ಅದು ಉರಿಯುವ ಅಗ್ನಿಗೆ ಕೆಲಸ ಕೊಟ್ಟು ಹಸಿವನ್ನು ಶಮನಗೊಳಿಸುತ್ತದೆ. ಅಪತರ್ಪಣವೆಂದರೆ ಮೇದಸ್ಸನ್ನು ಹೆಚ್ಚಿಸದಿರುವಂಥದು. ಆದುದರಿಂದ ಹಸಿವನ್ನು ತಡೆಯುವುದೂ ಇಲ್ಲ, ಮೇದಸ್ಸನ್ನು ಪೋಷಿಸುವುದೂ ಇಲ್ಲ. ಇಲ್ಲಿ ವಿಧಿಸಿರುವುದು ಕ್ಷುಚ್ಛಮನವೇ ಹೊರತು ಕ್ಷುನ್ನಿಗ್ರಹವಲ್ಲ.

ಇಂತಹ ಆಹಾರಕ್ಕೆ ಆಚಾರ್ಯನು ಕೊಟ್ಟ ಪಟ್ಟಿಯಲ್ಲಿ ಯವ, ಪ್ರಿಯಂಗು, ಶ್ಯಾಮಾಕ, ಕೋದ್ರವ, ಜೂರ್ಣಾಹ್ವಗಳೆಂಬ ಧಾನ್ಯಗಳೂ ಹೆಸರು, ಹುರುಳಿ, ಆಢಕೀಬೀಜಗಳೂ ಇವೆ. ಪ್ರಿಯಂಗು ನವಣೆ, ಶ್ಯಾಮಾಕ ಸಾಮೆಯ ಜಾತಿ, ಕೋದ್ರವ ಹಾರಕ, ಆಢಕೀ ತೊಗರಿ. ಜೂರ್ಣಾಹ್ವವನ್ನು ಜೋಳವೆಂದು ಅರ್ಥೈಸುವುದುಂಟು. ಆ ಅರ್ಥವನ್ನು ಒಪ್ಪಿದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಎರೆಭೂಮಿಯ ನಿತ್ಯದ ಊಟವೇ, ಅಂದರೆ ಜೋಳದ ರೊಟ್ಟಿಯೂ ತೊಗರಿಬೇಳೆಯೂ, ಸಂಹಿತೆಯ ಪಟ್ಟಿಯಲ್ಲಿ ದೊರೆತಂತಾಗುತ್ತದೆ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ನೆಲ್ಲಿಗೂ ನರೆದಲೆಗಕ್ಕೂ ನಡೆದ ವ್ಯಾಜ್ಯವನ್ನು ಪಾಠ ಹೇಳುವ ಅಧ್ಯಾಪಕರಿಗೆ, ಒರಟು ಧಾನ್ಯದ ಪಕ್ಷವನ್ನು ಹಿಡಿದವರು ಕವಿಗಳು ಮಾತ್ರವಲ್ಲ, ವೈದ್ಯರೂ ಹೌದೆಂಬುದು ಇದರಿಂದ ತಿಳಿಯುತ್ತದೆ.

೪. ಆಧುನಿಕ ಗಣನೆ

ಕ್ಯಾಲೊರಿಯೆಂಬುದು ಶಾಖದ ಮಾನ. ಆಹಾರದ ವಿಷಯದಲ್ಲಿ ಹೇಳುವ ಒಂದು ಕ್ಯಾಲೊರಿಯು ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡುವ ಶಾಖ. ಪಿಷ್ಟಕ್ಕೂ ಸಸಾರಜನಕಕ್ಕೂ ಗ್ರಾಂ ಒಂದಕ್ಕೆ ಸುಮಾರು ೪, ಕೊಬ್ಬಿಗೆ ೯ ಕ್ಯಾಲೊರಿಯೆಂದು ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಸಂಸ್ಥೆಯು ೨೦೨೦ರಲ್ಲಿ ನಿಗದಿಮಾಡಿದಂತೆ, ಕುಳಿತು ಕೆಲಸ ಮಾಡುವ ೬೫ ಕಿಲೋ ತೂಕದ ಗಂಡಸಿಗೆ ದಿನಕ್ಕೆ ೨೧೧೦, ೫೫ ಕಿಲೋ ತೂಕದ ಹೆಂಗಸಿಗೆ ೧೬೬೦ ಕ್ಯಾಲೊರಿ ಬೇಕು. ದೇಹದ ಕೊಬ್ಬಿನ ಒಂದು ಕಿಲೋವನ್ನು ಸುಮಾರು ೭೭೦೦ ಕ್ಯಾಲೊರಿಗೆ ಸಮವೆಂದು ಎಣಿಸುತ್ತಾರೆ. ದಿನಕ್ಕೆ ೫೦೦ ಕಡಿಮೆಮಾಡಿದರೆ ವಾರಕ್ಕೆ ಅರ್ಧ ಕಿಲೋ ಇಳಿಯುವುದೆಂಬ ಮಾತು ಇದರಿಂದ ಹುಟ್ಟಿದೆ. ಮೊದಲ ವಾರಗಳಿಗೆ ಅದು ಸರಿ. ಭಾರವಿಳಿದಂತೆ ದೇಹದ ವ್ಯಯವೂ ಇಳಿಯುವುದರಿಂದ ಅನಂತರ ವೇಗ ಕುಗ್ಗುತ್ತದೆ. ೨೧೧೦ರಲ್ಲಿ ೫೦೦ ಕಳೆದರೆ ೧೬೧೦ ಉಳಿಯುತ್ತದೆ, ೧೬೬೦ರಲ್ಲಿ ಕಳೆದರೆ ೧೧೬೦ ಮಾತ್ರ. ಆದುದರಿಂದ ಮನೆಯಲ್ಲಿ ಗಂಡನೂ ಹೆಂಡತಿಯೂ ಒಂದೇ ಅಳತೆಯಲ್ಲಿ ಊಟ ಕಡಿಮೆಮಾಡುವುದು ಯುಕ್ತವಲ್ಲ. ಹೆಂಗಸಿಗೆ ೩೦೦ರಷ್ಟು ಕಡಿತವೇ ಸಾಕು.

ನಲವತ್ತು ಕಳೆದ ಬಳಿಕ ಜಠರಾಗ್ನಿ ತಾನಾಗಿಯೇ ಮಂದವಾಗುವುದರಿಂದ ಮೈ ಬರುವುದೆಂಬ ಮಾತೊಂದಿದೆ. ೨೦೨೧ರಲ್ಲಿ ಪ್ರಕಟವಾದ, ೨೯ ದೇಶಗಳ ೬೪೦೦ಕ್ಕೂ ಹೆಚ್ಚು ಜನರ ಪರೀಕ್ಷೆಯಿಂದ ಬೇರೆಯದೇ ತಿಳಿದುಬಂದಿತು. ದೇಹದ ಗಾತ್ರವನ್ನೂ ಕೊಬ್ಬಲ್ಲದ ಅಂಶವನ್ನೂ ಗಣನೆಗೆ ತೆಗೆದುಕೊಂಡರೆ ೨೦ರಿಂದ ೬೦ರವರೆಗೆ ದೇಹದ ವ್ಯಯ ಬಹುಮಟ್ಟಿಗೆ ಸ್ಥಿರ. ೬೦ರ ಬಳಿಕವೇ ಇಳಿಕೆ. ಚರಕನೂ ವಿಮಾನಸ್ಥಾನದಲ್ಲಿ ಮಧ್ಯವಯಸ್ಸನ್ನು ೬೦ರವರೆಗೆ ಹೇಳಿ ಅದನ್ನು ಪಿತ್ತಪ್ರಧಾನವೆಂದಿದ್ದಾನೆ. ಎರಡೂ ಒಂದೇ ಎಲ್ಲೆಯನ್ನು ಮುಟ್ಟಿರುವುದು ಗಮನಾರ್ಹವಾದರೂ ಹಿಂದಿನವರು ಇಂದಿನ ಶೋಧನೆಯನ್ನು ಮೊದಲೇ ಅರಿತಿದ್ದರೆಂದು ಸಾಧಿಸಹೋಗುವುದು ಅತಿವ್ಯಾಪ್ತಿಯಾದೀತು. ಇದರಿಂದ ಫಲಿತವಾಗುವುದಿಷ್ಟೆ: ಐವತ್ತರ ಸ್ಥೌಲ್ಯಕ್ಕೆ ವಯಸ್ಸನ್ನು ಮಾತ್ರ ದೂರುವಂತಿಲ್ಲ. ನಡೆದಾಟ ಕಡಿಮೆಯಾದುದನ್ನೂ ಮಾಂಸಧಾತು ಕರಗಿದುದನ್ನೂ ತಟ್ಟೆಯ ಪ್ರಮಾಣವನ್ನೂ ನೋಡಬೇಕು.

೫. ತಡೆದ ಹಸಿವಿನ ಪರಿಣಾಮ

ಹಸಿವನ್ನು ಬಲಾತ್ಕಾರದಿಂದ ತಡೆದರೆ ಏನಾಗುವುದೆಂಬುದಕ್ಕೆ ಅಮೆರಿಕದ ಮಿನೆಸೋಟದಲ್ಲಿ ೧೯೪೪–೪೫ರಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು ನಡೆಸಿದ ಪ್ರಯೋಗವು ನಿದರ್ಶನ. ೩೬ ಮಂದಿ ಆರೋಗ್ಯವಂತ ಯುವಕರು ೨೪ ವಾರ ಅರೆಹೊಟ್ಟೆಯಲ್ಲಿದ್ದು ದೇಹತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಅವರಲ್ಲಿ ದೌರ್ಬಲ್ಯ, ತಲೆಸುತ್ತು, ಖಿನ್ನತೆಗಳುಂಟಾದುವು. ಹಗಲಿರುಳೂ ಅನ್ನದ ಚಿಂತೆಯೇ ಉಳಿಯಿತು. ಚರಕನ ವೇಗಧಾರಣದ ಪಟ್ಟಿಯನ್ನು ಇದರೊಡನೆ ಇಟ್ಟು ನೋಡಬಹುದು. ೧೯೯೪ರಲ್ಲಿ ಲೆಪ್ಟಿನ್, ೧೯೯೯ರಲ್ಲಿ ಘ್ರೆಲಿನ್ ಎಂಬ ರಸದ್ರವ್ಯಗಳು ಗುರುತಿಸಲ್ಪಟ್ಟುವು. ಮೊದಲನೆಯದು ಕೊಬ್ಬಿನಿಂದ ಹೊರಟು ತೃಪ್ತಿಯನ್ನೂ ಎರಡನೆಯದು ಜಠರದಿಂದ ಹೊರಟು ಹಸಿವನ್ನೂ ಮಿದುಳಿಗೆ ತಿಳಿಸುತ್ತದೆ. ಭಾರವಿಳಿಸಿದ ೫೦ ಜನರನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ವರ್ಷ ಕಳೆದರೂ ಈ ದ್ರವ್ಯಗಳು ಹಸಿವನ್ನು ಹೆಚ್ಚಿಸುವ ದಿಕ್ಕಿನಲ್ಲಿಯೇ ಇದ್ದುವು. ಭಾರವು ಮರಳುವುದು ಮನೋದೌರ್ಬಲ್ಯದ ಫಲ ಮಾತ್ರವಲ್ಲ, ದೇಹಧರ್ಮವೂ ಹೌದು. ಅಂತಹವರನ್ನು ಹೀಗಳೆಯುವುದು ಅನ್ಯಾಯ.

ದಿನಕ್ಕೆ ಒಪ್ಪತ್ತು ಉಣ್ಣುವವನನ್ನು ಯೋಗಿಯೆಂದು ಕರೆಯುವ ನಾಣ್ಣುಡಿಯ ವಿಷಯವೇನು? ವಿಜಯದಾಸರ ಚೀಕಲಪರವಿಯೂ ಜಗನ್ನಾಥದಾಸರ ಮಾನ್ವಿಯೂ ಇರುವ ಈ ದಾಸಸೀಮೆಯಲ್ಲಿ ಏಕಾದಶಿಯ ನಿಷ್ಠೆ ಬಹಳ. ಆದರೆ ಏಕಾದಶಿಯ ಉದ್ದೇಶ ಹರಿಸ್ಮರಣೆ, ಭಾರವಿಳಿಸುವುದಲ್ಲ. ಹರಿಕಥಾಮೃತಸಾರದಲ್ಲಿಯೇ ಭೋಜನರಸವಿಭಾಗವೆಂಬ ಸಂಧಿಯೊಂದಿದ್ದು ಅನ್ನವು ಭಗವತ್ಪೂಜೆಯ ಅಂಗವಾಗಿ ನಿರೂಪಿತವಾಗಿರುವುದನ್ನು ಬಲ್ಲವರು ಅನ್ನವನ್ನು ಶತ್ರುವೆಂದು ಭಾವಿಸಲಾರರು. ಚೀನದ ಗುವಾಂಗ್‌ಝೌ ನಗರದಲ್ಲಿ ೧೩೯ ಜನರ ಮೇಲೆ ಒಂದು ವರ್ಷ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಊಟದ ಪ್ರಮಾಣವು ಸಮವಾಗಿದ್ದಾಗ ಹೊತ್ತನ್ನು ಎಂಟು ಗಂಟೆಗಳಿಗೆ ಕಟ್ಟುಮಾಡಿದುದರಿಂದ ಹೆಚ್ಚಿನ ಇಳಿಕೆ ಕಾಣಲಿಲ್ಲ. ಹೊತ್ತುಗಳ ಎಣಿಕೆಗಿಂತ ಮಾತ್ರೆಯೇ ಮುಖ್ಯವೆಂದಾಯಿತು. ಸಿಹಿಮೂತ್ರರೋಗಕ್ಕೆ ಔಷಧ ಸೇವಿಸುವವರಂತೂ ವೈದ್ಯರನ್ನು ಕೇಳದೆ ಊಟವನ್ನು ತಪ್ಪಿಸಲೇಕೂಡದು. ರಕ್ತದ ಸಕ್ಕರೆ ಇಳಿದು ಪ್ರಾಣಾಪಾಯ ಸಂಭವಿಸಬಹುದು.

೬. ಮಲ್ಲಟದ ಸೀಮೆಯ ತಟ್ಟೆ

೧೯೫೩ರ ಬಳಿಕ ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ರಾಯಚೂರು ಜಿಲ್ಲೆಯ ಎರೆಹೊಲಗಳಲ್ಲಿ ಕ್ರಮೇಣ ಭತ್ತದ ಗದ್ದೆಗಳೆದ್ದುವು. ರೊಟ್ಟಿಯ ಪಕ್ಕದಲ್ಲಿ ಅನ್ನವೂ ನಿತ್ಯದ್ದಾಯಿತು. ಪೋಷಣಸಂಸ್ಥೆಯ ೨೦೧೭ರ ಕೋಷ್ಟಕದಂತೆ ೧೦೦ ಗ್ರಾಂ ಜೋಳದಲ್ಲಿ ೩೩೪ ಕ್ಯಾಲೊರಿ, ೧೦ ಗ್ರಾಂ ಸಸಾರಜನಕ, ೧೦ ಗ್ರಾಂ ನಾರು. ಅಷ್ಟೇ ಬಿಳಿ ಅಕ್ಕಿಯಲ್ಲಿ ೩೫೬ ಕ್ಯಾಲೊರಿ, ೮ ಗ್ರಾಂ ಸಸಾರಜನಕ, ೩ ಗ್ರಾಂಗೂ ಕಡಿಮೆ ನಾರು. ಕ್ಯಾಲೊರಿಯ ಅಂತರ ೨೨ ಮಾತ್ರ. ಅನ್ನ ಬಿಟ್ಟು ರೊಟ್ಟಿ ಹಿಡಿದ ಮಾತ್ರಕ್ಕೆ ಭಾರವಿಳಿಯದೆಂಬುದು ಇದರಿಂದ ಸ್ಪಷ್ಟ. ಭೇದವಿರುವುದು ನಾರಿನಲ್ಲಿ, ಅಗಿಯುವ ಹೊತ್ತಿನಲ್ಲಿ, ತೃಪ್ತಿಯ ಕಾಲದಲ್ಲಿ. ಚರಕನ ಮಾತಿನಲ್ಲಿ ಹೇಳುವುದಾದರೆ ಗುರುತ್ವದಲ್ಲಿ. ಎರಡೇ ರೊಟ್ಟಿಗೆ ಸಾಕೆನಿಸಿದರೆ ಲಾಭ; ಐದು ಉಂಡರೆ ಲಾಭವಿಲ್ಲ. ೨೫ ಗ್ರಾಂ ಶೇಂಗಾದ ಚಟ್ನಿಪುಡಿಯಲ್ಲಿ ಸುಮಾರು ೧೩೦ ಕ್ಯಾಲೊರಿ, ಮೇಲೆ ಸುರಿಯುವ ೧೦ ಗ್ರಾಂ ಎಣ್ಣೆಯಲ್ಲಿ ೯೦; ರೊಟ್ಟಿಯಲ್ಲಿ ಉಳಿಸಿದ್ದು ಇಲ್ಲಿ ಸೋರಿಹೋಗಬಹುದು.

ಇದಕ್ಕೆ ಪ್ರತ್ಯುದಾಹರಣೆ ರಾಯಚೂರಿನ ಪ್ರಸಿದ್ಧ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ. ಮಂಡಕ್ಕಿ ಲಘು, ಬಾಯಲ್ಲಿಟ್ಟರೆ ಕರಗುವುದು. ಒಗ್ಗರಣೆಯ ಎಣ್ಣೆಯೂ ಕರಿದ ಮಿರ್ಚಿಯೂ ಸಂತರ್ಪಣ. ಲಘುವಾಗಿದ್ದು ಸಂತರ್ಪಣವಾದುದು ಗುರ್ವಪತರ್ಪಣಕ್ಕೆ ನೇರ ವಿರುದ್ಧ. ಹಸಿವಡಗದು, ಮೇದಸ್ಸು ಬೆಳೆಯುವುದು. ಕಾರ್ಖಾನೆಯ ಸಿದ್ಧತಿಂಡಿಗಳ ಗತಿಯೂ ಇದೇ. ಅಮೆರಿಕದಲ್ಲಿ ೨೦ ಜನರ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಂತಹ ಆಹಾರವನ್ನು ಇಷ್ಟಬಂದಷ್ಟು ಉಣ್ಣಬಿಟ್ಟಾಗ ಅವರು ದಿನಕ್ಕೆ ಸುಮಾರು ೫೦೦ ಕ್ಯಾಲೊರಿ ಹೆಚ್ಚಾಗಿ ಉಂಡರು.

ಹಾಗಾದರೆ ತಟ್ಟೆಯ ಕ್ರಮವಿದು: ಮೊದಲು ಸವತೆಕಾಯಿ, ಹಕ್ಕರಿಕೆ, ಮೆಂತ್ಯೆ ಮುಂತಾದ ಹಸಿಯ ಪದಾರ್ಥಗಳು, ಒಂದೆರಡು ರೊಟ್ಟಿಗೆ ಹೆಚ್ಚು ಪುಂಡಿಪಲ್ಯ, ಗಟ್ಟಿಯಾದ ತೊಗರಿಬೇಳೆ ಅಥವಾ ಮಡಕಿಕಾಳು, ಕೊನೆಗೆ ಕೆನೆ ತೆಗೆದ ಮಜ್ಜಿಗೆ. ೫೦ ಗ್ರಾಂ ಬೇಳೆಯಿಂದ ಸುಮಾರು ೧೧ ಗ್ರಾಂ ಸಸಾರಜನಕ ದೊರೆಯುತ್ತದೆ. ದಿನಕ್ಕೆ ಗಂಡಸಿಗೆ ೫೪, ಹೆಂಗಸಿಗೆ ೪೬ ಗ್ರಾಂ ಬೇಕೆಂಬುದು ಮೇಲೆ ಹೇಳಿದ ಸಂಸ್ಥೆಯ ನಿಗದಿ. ಊಟ ಕಡಿಮೆಮಾಡುವವರು ಇದನ್ನು ಕಡಿಮೆಮಾಡಬಾರದು. ಮಾಡಿದರೆ ಕರಗುವುದು ಮೇದಸ್ಸು ಮಾತ್ರವಲ್ಲ, ಮಾಂಸವೂ. ಮಾಂಸವನ್ನು ಉಳಿಸಿಕೊಳ್ಳಲು ಭಾರವೆತ್ತುವ, ಕುಳಿತೇಳುವ ವ್ಯಾಯಾಮವೂ ಬೇಕು. ಅದು ಶಕ್ತಿಯ ಅರ್ಧಕ್ಕೆ ಮೀರದಿರಲೆಂಬ ವಾಗ್ಭಟನ ಎಚ್ಚರಿಕೆ ಮೊದಲಿಗರಿಗೆ ಇಂದಿಗೂ ಹಿತ. ಜಠರದ ಎರಡು ಭಾಗ ಅನ್ನಕ್ಕೆ, ಒಂದು ನೀರಿಗೆ, ಒಂದು ಗಾಳಿಗೆ ಎಂಬ ಅವನ ವಿಭಾಗವೂ ನೆನಪಿಡತಕ್ಕದ್ದು.

ಗ್ರಂಥಪ್ರಮಾಣವನ್ನು ಕುರುಡಾಗಿ ಹಿಡಿಯಲೂ ಬಾರದು. ಚಕ್ರಪಾಣಿದತ್ತನು ಗುರ್ವಪತರ್ಪಣಕ್ಕೆ ಜೇನನ್ನು ಉದಾಹರಿಸುತ್ತಾನೆ. ಆದರೆ ಜೇನಿನ ನೂರು ಗ್ರಾಂಗಳಲ್ಲಿ ೩೦೦ಕ್ಕೆ ಮೇಲ್ಪಟ್ಟು ಕ್ಯಾಲೊರಿಗಳಿವೆ. ಬಿಸಿನೀರಿಗೆ ಜೇನು ಬೆರೆಸಿ ಕುಡಿದ ಮಾತ್ರಕ್ಕೆ ಮೈ ಇಳಿಯುವುದೆಂಬ ನಂಬಿಕೆಗೆ ಗಣನೆಯ ಆಧಾರವಿಲ್ಲ. ಜೇನನ್ನು ಬಿಸಿಯೊಡನೆ ಸೇರಿಸಕೂಡದೆಂದು ಆಯುರ್ವೇದವೇ ನಿಷೇಧಿಸಿದೆ.

೭. ಉಪಸಂಹಾರ

ಚರಕನು ಸ್ಥೂಲನಿಗೆ ವಿಧಿಸಿದ ಜಾಗರಣ, ವ್ಯಾಯಾಮ, ಚಿಂತನಾದಿಗಳನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದಿದ್ದಾನೆ. ಇವುಗಳಲ್ಲಿ ಜಾಗರಣವನ್ನು ಹಗಲುನಿದ್ರೆಯ ತ್ಯಾಗವೆಂದು ಗ್ರಹಿಸುವುದೇ ಇಂದು ಯುಕ್ತ. ಇರುಳಿನ ನಿದ್ರೆ ಕೆಟ್ಟರೆ ಹಸಿವು ಹೆಚ್ಚುವುದೆಂದು ಪರೀಕ್ಷೆಗಳಿಂದ ತಿಳಿದಿದೆ. ಮುಖ್ಯವಾದುದು ‘ಕ್ರಮಕ್ರಮವಾಗಿ’ ಎಂಬುದು. ವರ್ಷಗಳಲ್ಲಿ ಬಂದ ಭಾರ ವಾರಗಳಲ್ಲಿ ಹೋಗದು. ಬುಭುಕ್ಷೆಯೆಂಬ ಇಚ್ಛೆಯನ್ನು ವಿವೇಕದಿಂದಲೂ ಕ್ಷುತ್ತೆಂಬ ಅವಸ್ಥೆಯನ್ನು ಯುಕ್ತವಾದ ಅನ್ನದಿಂದಲೂ ಶಮನಗೊಳಿಸತಕ್ಕದ್ದು. ಊಟ ಮುಗಿಸಿ ಎದ್ದಾಗ ಹೊಟ್ಟೆ ಹಗುರವಾಗಿರಬೇಕು. ಮುಂದಿನ ಊಟದವರೆಗೆ ಕೆಲಸದಲ್ಲಿ ಮನಸ್ಸು ನಿಲ್ಲಬೇಕು. ಪಾಠ ಹೇಳುತ್ತಿರುವಾಗ ಅನ್ನದ ಚಿಂತೆಯೇ ಬರುವುದಾದರೆ ಕಡಿತವು ಅತಿಯಾಯಿತೆಂದು ತಿಳಿದು ತಟ್ಟೆಗೆ ಇನ್ನಷ್ಟು ಬೇಳೆಯನ್ನೂ ಪಲ್ಯವನ್ನೂ ಹಾಕಿಕೊಳ್ಳುವುದೇ ಶಾಸ್ತ್ರಸಮ್ಮತವಾದ ಮಾರ್ಗ.